ಊದದ ಗಾಯ

ಮಾರ್ಚ್ ೧೪, ಗುರುವಾರ.

ಹೆಬ್ಬೆರಳಿನ ಗಾಯ ಇವತ್ತೂ ಹಾಗೇ ಇದೆ. ಬಾವು ಇಳಿಸುವ ಮದ್ದಿಗಾಗಿ ಒಂದು ಕಾಡುಬೇರಿನ ರಸವನ್ನು ತಿಂಗಳಿಡೀ ಬರಿಗೈಯಲ್ಲಿ ಹಿಂಡಿದೆ. ಕೈಗವಸು ಹಾಕಿದರೆ ಹದ ತಿಳಿಯುವುದಿಲ್ಲವೆಂಬ ಜಂಬ. ಗಾಜು ಚುಚ್ಚಿ ಒಂಬತ್ತು ದಿನವಾಯಿತು. ಊದಿಲ್ಲ, ನೋವಿಲ್ಲ, ಕೂಡಿಕೊಂಡೂ ಇಲ್ಲ. ಗಾಯವಾದದ್ದು ಮೈಗೆ ಗೊತ್ತೇ ಆಗಿಲ್ಲವೇನೋ.

ಪ್ರಯೋಗಾಲಯದ ಗೆಳತಿ ನಕ್ಕಳು. "ಹುಡುಕ್ತಿದ್ದಿದ್ದು ಸಿಕ್ತಲ್ಲ, ಮತ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ?"

ಅಮ್ಮನ ಮಂಡಿನೋವಿಗೆ ಅದೇ ರಸ ಒಂದು ಸೀಸೆ ಕೊಟ್ಟಿರುವುದನ್ನು ಅವಳಿಗೆ ಹೇಳಲಿಲ್ಲ.

ಊಟವಾದ ಮೇಲೆ ಅಮ್ಮ, "ಮಂಡಿಯಿಂದ ಪಾದದವರೆಗೂ ಹಚ್ಕೊಂಡೆ ಕಣೇ, ನೋವು ಎಲ್ಲಿಗೆ ಹೋಯ್ತೋ," ಎನ್ನುತ್ತ ಹಗುರಾಗಿ ನಡೆದು ಹೋದಳು. ದೀಪ ಆರಿಸಲು ಎದ್ದಾಗ ನೋಡಿದೆ: ಅಡುಗೆಮನೆಯಿಂದ ಅವಳ ಮಂಚದವರೆಗೆ ನೆಲದ ಮೇಲೆ ಎಡಗಾಲಿನ ಗುರುತುಗಳು ಮಾತ್ರ, ಕೆಂಪಗೆ.

ಅವಳ ಸೀಳಿದ ಹಿಮ್ಮಡಿಗೆ ಬಟ್ಟೆ ಕಟ್ಟುತ್ತಿದ್ದಾಗ ಅಮ್ಮ ಬಗ್ಗಿ ನೋಡಿ, ಮೆಲ್ಲಗೆ ಕೇಳಿದಳು, "ಯಾರ ಕಾಲೇ ಅದು?"