ಹನ್ನೊಂದು ಹೆಜ್ಜೆಗೊಂದು ಬಿರುಕು

ಮೇ ೧೪, ಮಂಗಳವಾರ

ಚಳಿಯಂತೆ! ಎರಡು ವರ್ಷದ ಹಿಂದಷ್ಟೇ ಡಾಂಬರು ಕಂಡ ಮಿಲ್ ರಸ್ತೆ ಅಡ್ಡಡ್ಡ ಸೀಳಿದ್ದಕ್ಕೆ ನಗರಸಭೆಯ ಉತ್ತರ ಇದೊಂದೇ. ಮಿನೆಸೋಟದಲ್ಲಿ ಚಳಿ ಹೋದ ವರ್ಷ ಹುಟ್ಟಿತೇ?

ಬೆಳಿಗ್ಗೆ ನಾನೇ ನಡೆದು ಎಣಿಸಿದೆ. ಹನ್ನೊಂದು ಹೆಜ್ಜೆಗೊಂದು ಬಿರುಕು. ಅಂಚೆ ಕಚೇರಿಯಿಂದಾಚೆ, ೨೦೦೯ರಲ್ಲಿ ಹಾಕಿದ ಭಾಗದಲ್ಲಿ, ಒಟ್ಟು ಎರಡೇ. ಅದೇ ನೆಲ, ಅದೇ ಹಿಮ, ಮರ ಹೊರುವ ಅದೇ ಲಾರಿಗಳು. ಬೇರೆಯಾದದ್ದು ಡಾಂಬರು ಮಾತ್ರ. ಅಂದು ಮೆದು ಡಾಂಬರು ತರಿಸಿದ್ದರು, ನನಗೆ ಚೆನ್ನಾಗಿ ನೆನಪಿದೆ. ಚಳಿಗೆ ರಸ್ತೆ ಕುಗ್ಗುವಾಗ ಮೆದುವಾದದ್ದು ಎಳೆದಷ್ಟು ಬರುತ್ತದೆ, ಗಟ್ಟಿಯಾದದ್ದು ಸೀಳುತ್ತದೆ. ಬರುವ ಸೋಮವಾರ ಆಸ್ಪತ್ರೆಯ ಏರುರಸ್ತೆಗೂ ಗಟ್ಟಿಯದೇ ಬೀಳಲಿತ್ತು.

ಸಂಜೆ ಸಭೆಯಲ್ಲಿ ಇದನ್ನೇ ಹೇಳಿದೆ. ರಸ್ತೆ ಮೇಲ್ವಿಚಾರಕ ಆರ್ವಿಡ್ ನಕ್ಕ.

“ಏನ್ರೀ ಸಿಗ್ನೆ, ಲೈಬ್ರರಿ ಬಿಟ್ಮೇಲೆ ಡಾಂಬರು ಓದ್ತಿದೀರಾ? ಮೆದು ಹಾಕಿದ್ರೆ ಜುಲೈ ಬಿಸಿಲಿಗೆ ಲಾರಿ ಚಕ್ರ ಇಳಿದು ಹಳ್ಳ ಬೀಳುತ್ತೆ. ಆಗ್ಲೂ ಬೈಯೋರು ನೀವೇ.”

“ಆಸ್ಪತ್ರೆಗೆ ಮರದ ಲಾರಿ ಯಾಕಪ್ಪ ಹತ್ತುತ್ತೆ? ಅಲ್ಲಿ ಹತ್ತೋದು ಆಂಬುಲೆನ್ಸು. ಸೊಂಟ ಮುರ್ಕೊಂಡೋರನ್ನ ಒಂದೊಂದು ಬಿರುಕಿಗೂ ಕುಲುಕಿಸ್ಬೇಕಾ?”

ಸಭೆಯೆಲ್ಲ ನಕ್ಕಿತು. ಆರ್ವಿಡ್ ನಗಲಿಲ್ಲ. ಜನವರಿಯಲ್ಲಿ ಮಿಲ್ ರಸ್ತೆಯಲ್ಲಿ ಹಾಗೆ ಕುಲುಕಿಕೊಂಡು ಹೋದವಳು ಅವನಮ್ಮ. ನಾನು ಅದನ್ನು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಕಡತ ಮುಚ್ಚಿ ಅಂದ: “ಆಯ್ತು, ಮೆದುವಿಗೇ ಹೇಳ್ತೀನಿ. ಒಂದ್ ವಾರ ತಡ ಆಗುತ್ತೆ, ಕೂಗಾಡ್ಬೇಡಿ.”

ಕೂಗಾಡುವುದಿಲ್ಲ. ಐದು ಚಳಿಗಾಲ ಕಳೆಯಲಿ, ಏರುರಸ್ತೆಯನ್ನೂ ನಡೆದು ಎಣಿಸುತ್ತೇನೆ. ಆಗ ನನಗೆ ಎಂಬತ್ತೊಂದು. ಹೆಜ್ಜೆಗಳೇನೋ ಹೆಚ್ಚಾದಾವು, ಬಿರುಕುಗಳಂತೂ ಹೆಚ್ಚಲಾರವು.