ಕತ್ತರಿಸುವುದು ಒಬ್ಬರು, ಆರಿಸುವುದು ಇನ್ನೊಬ್ಬರು

ಪ್ರೀತಿಯ ಗುಂಡನಿಗೆ,

ಕೇಕು ಆಯಿತು. ಇದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಾನು ಯಾವುದಕ್ಕಾದರೂ ಪೀಠಿಕೆ ಹಾಕಿದರೆ ನಿನಗೆ ತಡೆಯಲಾಗುತ್ತಿರಲಿಲ್ಲ. "ಅಪ್ಪಾ, ಆಯ್ತೋ ಇಲ್ವೋ, ಅಷ್ಟು ಹೇಳಿ" ಎನ್ನುತ್ತಿದ್ದೆ. ಆಯಿತು. ಹಳದಿ ಬಣ್ಣದ, ಮಣ್ಣು ಅಗೆಯುವ ಯಂತ್ರ. ನೀನು ಕೇಳಿದ್ದಂತೆ ಬಕೆಟ್ಟಿಗೆ ಹಲ್ಲುಗಳೂ ಇವೆ.

ಜ್ವರವೆಂದು ಆಸ್ಪತ್ರೆಗೆ ಸೇರಿಸಿದ ನಿನ್ನನ್ನು ವಾರದೊಳಗೆ ಕಳೆದುಕೊಂಡು ನಾವು ಮೂವರೇ ಮನೆಗೆ ಹಿಂದಿರುಗಿದಂದಿನಿಂದ ಅಮ್ಮ ನಿನ್ನ ವಿಷಯವನ್ನು ಒಮ್ಮೆಯೂ ಆಡಿಲ್ಲ. ಅಳುವುದೂ ಇಲ್ಲ. ಅಡುಗೆಯಾಗುತ್ತದೆ, ಬಟ್ಟೆ ಒಗೆದು ಮಡಿಸಿದ್ದಾಗುತ್ತದೆ. ನಾನೂ ಕೆಲಸಕ್ಕೆ ಹೋಗಿಬರುತ್ತೇನೆ. ಹೇಗಿದ್ದೀರಿ ಎಂದು ಕೇಳಿದವರಿಗೆ ಪರವಾಗಿಲ್ಲ ಎನ್ನುತ್ತೇನೆ, ಮತ್ತು ಅದು ಸುಳ್ಳೆಂದು ನನಗೆ ಅನಿಸುವುದಿಲ್ಲ. ದಂತವೈದ್ಯರು ಚುಚ್ಚುಮದ್ದು ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಬೆರಳಿಗೆ ಕೆನ್ನೆ ತಿಳಿಯುತ್ತದೆ, ಕೆನ್ನೆಗೆ ಬೆರಳು ತಿಳಿಯುವುದಿಲ್ಲ.

ಹುಟ್ಟುಹಬ್ಬ ಹತ್ತಿರವಾದಾಗ ಅಮ್ಮ ಊಟದ ತಟ್ಟೆಗಳನ್ನು ಎತ್ತುತ್ತಾ, ಯಾರ ಮುಖವನ್ನೂ ನೋಡದೆ, "ಈ ವರ್ಷ ಏನೂ ಬೇಡ" ಎಂದಳು. ಅಕ್ಕ ತುತ್ತು ನಿಲ್ಲಿಸಿದಳು. ನಿನಗಿಂತ ತುಸು ಮೊದಲು ಹುಟ್ಟಿದ ಹಕ್ಕಿನಿಂದ ನಿನ್ನ ಬಾಯಲ್ಲಿ 'ಅಕ್ಕ' ಎಂದು ಕರೆಸಿಕೊಂಡವಳು ಈಗ ನಮ್ಮೆಲ್ಲರಿಗೂ ಅಕ್ಕನೇ ಆಗಿ ಉಳಿದಿದ್ದಾಳೆ. ಅವಳು ಕೇಳಿದ್ದು ಇಷ್ಟೇ: "ಅವತ್ತು ನಾನೂ ಹುಟ್ಟಿದ್ದೆ ಅಲ್ವಾ, ಅಮ್ಮಾ?"

ಅಮ್ಮ ನಲ್ಲಿ ತಿರುಗಿಸಿದಳು. ಪಾತ್ರೆ ತುಂಬಿ ಹರಿದರೂ ನೀರು ನಿಲ್ಲಲಿಲ್ಲ.

ಒಂಬತ್ತು ತುಂಬುವ ಹುಡುಗಿಯೊಬ್ಬಳು ತಾನು ಹುಟ್ಟಿದ್ದಕ್ಕೆ ಸಾಕ್ಷಿ ಕೇಳುವಂತಾಗಬಾರದು. ಅಂದು ನನಗೆ ಹೊಳೆದದ್ದು ಇದೊಂದೇ. ಮರುದಿನ ಅವಳ ಕೋಣೆಗೆ ಹೋಗಿ ಕೇಕಿಗೆ ಯಾವ ಆಕಾರ ಬೇಕೆಂದು ಕೇಳಿದೆ. "ನನ್ನನ್ನ ಯಾಕೆ ಕೇಳ್ತೀರಾ? ಈ ಸಲ ಅವನ ಸರದಿ" ಎಂದಳು.

ಸರದಿಯ ನಿಯಮ ಮಾಡಿದವನು ನಾನೇ. ನಿಮ್ಮಿಬ್ಬರಿಗೆ ಮೂರು ತುಂಬಿದ ದಿನ, ದೊಡ್ಡ ತುಂಡು ಯಾರಿಗೆ ಎಂದು ನಡೆದ ಯುದ್ಧದಲ್ಲಿ ಮೊಲದ ಆಕಾರದ ಕೇಕು ನೆಲ ಕಂಡಿತ್ತು. ಅಂಗಡಿ, ಕಾರ್ಖಾನೆಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವವನ ಮನೆಯಲ್ಲೇ ತೂಕಕ್ಕೆ ಜಗಳವೇ ಎಂದು ಅಮ್ಮ ಆಡಿಕೊಂಡು ನಕ್ಕಿದ್ದಳು. ಆಮೇಲೆ ನಿಯಮ ಬಂತು. ಒಂದು ವರ್ಷ ಒಬ್ಬರು ಆಕಾರ ಹೇಳಬೇಕು. ಇನ್ನೊಬ್ಬರು ಅದನ್ನು ಎರಡು ಪಾಲು ಮಾಡಬೇಕು. ಆಕಾರ ಹೇಳಿದವರು ಮೊದಲು ಆರಿಸಿಕೊಳ್ಳಬೇಕು. ಅವರು ಆರಿಸುವವರೆಗೆ ಕತ್ತರಿಸಿದವರು ಕೈ ಹಾಕುವಂತಿಲ್ಲ. ದೊಡ್ಡ ಪಾಲು ಎದುರಾಳಿಗೆ ಹೋದೀತೆಂಬ ಭಯದಲ್ಲಿ ನೀವಿಬ್ಬರೂ ಗುಲಗಂಜಿ ತೂಕದ ವ್ಯತ್ಯಾಸವೂ ಬಾರದಂತೆ, ಅಳೆದೂ ಸುರಿದೂ, ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದಿರಿ. ನಾನು ಚಿಟ್ಟೆ, ಕನ್ನಡಕ, ಏಡಿ ಎಂದು ನಡುವೆ ಗೆರೆ ಎಳೆದರೆ ಸರಿಪಾಲಾಗುವ ಆಕಾರಗಳನ್ನೇ ನಿಮ್ಮ ತಲೆಗೆ ತುಂಬುತ್ತಿದ್ದೆ.

ಹೋದ ವರ್ಷ ಏಡಿಯ ಕಾಲು ಚೀಪುತ್ತಾ ನೀನು ಘೋಷಿಸಿದೆ: "ಮುಂದಿನ ಸಲ ಮಣ್ಣು ಅಗೆಯೋ ಯಂತ್ರ!" ಅದರ ಒಂದು ಕಡೆ ಬರೀ ತೋಳು, ಇನ್ನೊಂದು ಕಡೆ ಇಡೀ ಒಡಲು, ಸರಿಪಾಲಾಗದು ಎಂದೆ ನಾನು. "ಅದು ನಿಮ್ಮ ತಲೆನೋವು, ತಕ್ಕಡಿ ಸಾಹೇಬ್ರೇ" ಎಂದೆ ನೀನು. ಕಡ್ಡಿಯಂತಿದ್ದ ನಿನಗೆ ಗುಂಡ ಎಂದು ಹೆಸರಿಟ್ಟ ನನಗೆ, ನೀನು ತಿರುಗಿ ಇಟ್ಟ ಹೆಸರು ಅದು.

ಹಾಗಾಗಿ ಯಂತ್ರ. ರಜೆಯ ಬೆಳಗ್ಗೆ ಶುರುಮಾಡಿದೆ. ಹಿಟ್ಟು, ಸಕ್ಕರೆ, ಬೆಣ್ಣೆಗಳನ್ನಷ್ಟೇ ಅಲ್ಲ, ಮೊಟ್ಟೆಗಳನ್ನೂ ಒಡೆದು ತೂಗಿದೆ. ಅಕ್ಕ ಸ್ಟೂಲಿನ ಮೇಲೆ ನಿಂತು ಕಲಸಿದಳು. ಕಲಸಿದ್ದನ್ನು ಎಂದಿನಂತೆ ಎರಡು ತಟ್ಟೆಗಳಿಗೆ ಸಮನಾಗಿ ಸುರಿದು ಓವನ್ನಿಗಿಟ್ಟ ಮೇಲೆಯೇ, ಈ ಆಕಾರಕ್ಕೆ ಒಂದು ದೊಡ್ಡ ತಟ್ಟೆ ಬೇಕಿತ್ತೆಂಬುದು ನೆನಪಾದದ್ದು. ಕೈ ತನ್ನ ಅಭ್ಯಾಸದಂತೆ ನಡೆದುಬಿಟ್ಟಿತ್ತು. ಬೆಂದ ಎರಡನ್ನೂ ಜಾಮ್ ಸವರಿ ಅಂಟಿಸಿದೆವು. ಬೆಸುಗೆ ಕಾಣುತ್ತಿತ್ತು. "ಕ್ರೀಮ್ ಬಂದ್ಮೇಲೆ ಮುಚ್ಚೋಗತ್ತೆ ಬಿಡಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಒಡಲನ್ನೂ ಚಾಲಕನ ಕೋಣೆಯನ್ನೂ ಗರಗಸದಂಥ ಚಾಕುವಿನಿಂದ ಕೊರೆದೆ. ಅಕ್ಕ ಚಕ್ರಪಟ್ಟಿಗಳಿಗೆ ಕಪ್ಪು ಬಿಸ್ಕತ್ತುಗಳನ್ನು ಸಾಲಾಗಿ ಅಂಟಿಸಿದಳು. ಕಷ್ಟವಾದದ್ದು ತೋಳು. ಕೇಕಿಗೆ ತನ್ನ ಭಾರವನ್ನು ತಾನೇ ಗಾಳಿಯಲ್ಲಿ ಹೊರುವ ಶಕ್ತಿಯಿಲ್ಲ. ಒಳಗೆ ಕಡ್ಡಿ ತೂರಿಸಿದೆ, ಹಿಂದೆ ತೂಕ ಹೆಚ್ಚಿಸಿದೆ. ಬಕೆಟ್ಟು ಪ್ರತಿ ಸಲವೂ ಕತ್ತು ಬಾಗಿಸಿ ಉದುರಿತು. ಅಕ್ಕ ನೋಡಿ ನೋಡಿ ಬೇಸತ್ತು, "ನೆಲದ ಮೇಲೇ ಇಡಿ ಅಪ್ಪಾ. ಡ್ರೈವರ್ ಊಟಕ್ಕೆ ಹೋಗಿದಾನೆ ಅನ್ಕೊಳ್ಳೋಣ" ಎಂದಳು. ಇಟ್ಟೆ. ನಿಂತಿತು. ವಿನ್ಯಾಸದ ದೃಷ್ಟಿಯಿಂದಲೂ ಅದೇ ಸರಿಯಾದ ಪರಿಹಾರವಾಗಿತ್ತು.

ಕೊನೆಯಲ್ಲಿ ನೀನು ಕೊಟ್ಟ ತಲೆನೋವನ್ನು ಬಗೆಹರಿಸಿದೆ. ಹಲಗೆಯ ಸಮೇತ ಕೇಕನ್ನು ಅಳತೆಪಟ್ಟಿಯ ಅಂಚಿನ ಮೇಲಿಟ್ಟು, ಅದು ಯಾವ ಕಡೆಗೂ ವಾಲದೆ ನಿಲ್ಲುವ ಜಾಗ ಹುಡುಕಿದೆ. ಎರಡು ಕಡೆಯ ತೂಕವನ್ನೂ ತೋಳಿನ ಉದ್ದವನ್ನೂ ಲೆಕ್ಕಕ್ಕೆ ಹಿಡಿದು, ಗೆರೆಯನ್ನು ಚೂರು ಸರಿಸಿ, ಚಾಲಕನ ಕೋಣೆಯ ಹಿಂಬದಿಯಲ್ಲಿ ಬಿಳಿ ಸಕ್ಕರೆಯಿಂದ ಎಳೆದೆ. ಅಲ್ಲಿ ಕತ್ತರಿಸಿದರೆ ಎರಡೂ ಪಾಲು ಸಮ. ಸರಿಪಾಲಾಗದು ಎಂದಿದ್ದೆನಲ್ಲ, ಆಗುತ್ತದೆ. ಹೇಳೋಣವೆಂದು ತಿರುಗಿದಾಗ ಪಕ್ಕದಲ್ಲಿ ಅಕ್ಕ ಒಬ್ಬಳೇ ಇದ್ದಳು.

ಸಂಜೆ ಮೇಜಿನ ಮೇಲಿಟ್ಟೆವು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಳಗೂ ಇಲ್ಲ, ಹೊರಗೂ ಇಲ್ಲ. ಅಕ್ಕ ಮೇಣದಬತ್ತಿ ಆರಿಸಿ ಚಾಕು ಹಿಡಿದಳು. ನಿಯಮದಂತೆ ಕತ್ತರಿಸುವ ಸರದಿ ಅವಳದು. ನಾನು ಗೆರೆ ತೋರಿಸಿದೆ. "ಗೊತ್ತು" ಎಂದಳು. ಗೆರೆಯನ್ನು ದಾಟಿ, ಕೋಣೆಯನ್ನು ದಾಟಿ, ತೋಳಿನ ಉದ್ದಕ್ಕೂ ಚಾಕುವನ್ನು ಸರಿಸಿಕೊಂಡು ಹೋಗಿ ಬಕೆಟ್ಟೊಂದನ್ನೇ ಕತ್ತರಿಸಿದಳು. ಒಂದು ಕಡೆ ಅಂಗೈಯಷ್ಟು ಬಕೆಟ್ಟು. ಇನ್ನೊಂದು ಕಡೆ ಇಡೀ ಯಂತ್ರ. ಚಾಕು ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಈಗ ಅವನು ಆರಿಸ್ಲಿ" ಎಂದಳು. "ಅವನು ಯಾವಾಗ್ಲೂ ದೊಡ್ಡದೇ ತಗೊಳ್ಳೋದು."

ನಾವು ಕಾದೆವು. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ನೀನು ಆರಿಸದೆ ಅವಳು ಕೈ ಹಾಕುವಂತಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಅವಳ ಕೆಳದುಟಿ ನಡುಗಲಾರಂಭಿಸಿತು, ಕೈಗಳು ಮಾತ್ರ ಬೆನ್ನ ಹಿಂದೆಯೇ ಇದ್ದವು.

ಆಗ ಬಾಗಿಲ ಕಡೆಯಿಂದ ಅಮ್ಮನ ದನಿ ಬಂತು. ಗದರುವ ದನಿ. "ಅಷ್ಟೂ ಅವನಿಗೇ ಕೊಟ್ರೆ ಹೊಟ್ಟೆನೋವು ಬರಲ್ವೇನೇ?"

"ಬರ್ಲಿ ಬಿಡು" ಎಂದಳು ಅಕ್ಕ. "ಅರ್ಧ ನಿನಗೇ ಕೊಡ್ತಾನೆ ಆಮೇಲೆ. ಯಾವಾಗ್ಲೂ ಹಾಗೇ ಅಲ್ವಾ?"

ಇದು ನನಗೆ ತಿಳಿದಿರಲಿಲ್ಲ. ನೀನು ಪ್ರತಿ ವರ್ಷ ಹೋರಾಡಿ ಗೆದ್ದ ಪಾಲಿನಲ್ಲಿ ಅರ್ಧವನ್ನು ಅಡುಗೆಮನೆಗೆ ಒಯ್ದು ಅಮ್ಮನಿಗೆ ಕೊಡುತ್ತಿದ್ದೆಯಂತೆ. ತೂಕದ ವಿಷಯದಲ್ಲಿ ನನ್ನ ಗಮನಕ್ಕೆ ಬಾರದೆ ಈ ಮನೆಯಲ್ಲಿ ಏನೂ ನಡೆಯದೆಂದು ನಾನು ನಂಬಿದ್ದೆ.

ಅಮ್ಮ ಬಂದು ನಿನ್ನ ಕುರ್ಚಿಯಲ್ಲಿ ಕೂತಳು. ಇಡೀ ಯಂತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದು ಅವನದು" ಎಂದಳು. ಅಷ್ಟಾದ ಮೇಲೆಯೇ ಅಕ್ಕ ಕೈ ಬಿಚ್ಚಿ ಬಕೆಟ್ಟನ್ನು ಎತ್ತಿಕೊಂಡದ್ದು. ಅಮ್ಮ ಬಿಳಿ ಗೆರೆಯ ಮೇಲೆ ಚಾಕು ಇಟ್ಟು ಅರ್ಧ ಮಾಡಿದಳು, ತನ್ನ ಅರ್ಧವನ್ನು ತಿನ್ನಲಾರಂಭಿಸಿದಳು. ತಿನ್ನುತ್ತಾ ಅತ್ತಳು. ಅಳುತ್ತಲೇ, ಸಕ್ಕರೆ ಜಾಸ್ತಿಯಾಯಿತೆಂದೂ ಹೇಳಿದಳು. ನನಗೆ ಅಳು ಬರಲಿಲ್ಲ, ಮಗನೇ. ನಾನು ತಟ್ಟೆ ತಂದುಕೊಟ್ಟೆ, ನೀರು ತಂದುಕೊಟ್ಟೆ. ನನಗೆ ಯಾವಾಗ ಬರುತ್ತದೋ ತಿಳಿಯದು, ಬಂದಾಗ ತಿಳಿಸುತ್ತೇನೆ.

ನಿನ್ನ ಉಳಿದರ್ಧ ಫ್ರಿಜ್ಜಿನಲ್ಲಿದೆ. ಯಾರೂ ಮುಟ್ಟಿಲ್ಲ. ಮುಂದಿನ ವರ್ಷ ಆಕಾರ ಹೇಳುವ ಸರದಿ ಅಕ್ಕನದು, ಕತ್ತರಿಸುವ ಸರದಿ ನಿನ್ನದು. ಆ ಲೆಕ್ಕ ನನಗೆ ಬಿಡಿಸಲಾಗಿಲ್ಲ. ಅವಳು ಬಿಡಿಸಿಯಾಳು.

ಎಲ್ಲಿದ್ದರೂ ಜ್ವರವಿಲ್ಲದೆ ತಣ್ಣಗಿರು, ಕಂದಾ. ಹೊಟ್ಟೆ ತುಂಬಿರಲಿ.

ನಿನ್ನ,
ತಕ್ಕಡಿ ಸಾಹೇಬ