ಅಕ್ಕನ ಹೆಸರಿನ ಲಕೋಟೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಅಂಚೆ ಕಚೇರಿಯಲ್ಲಿ ಈಗಲಾದರೂ ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆಯೇ, ಇಲ್ಲ ಇನ್ನೂ ದಿನವಿಡೀ ನಿಂತೇ ಕಾಗದ ವಿಂಗಡಿಸುತ್ತೀಯಾ? ಎರಡು ವರ್ಷದಿಂದ ಇದನ್ನು ಕೇಳುವ ಮುಖ ನನಗಿರಲಿಲ್ಲ. ಇವತ್ತೂ ಇಲ್ಲ, ಆದರೂ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ನಿನ್ನ ಹೆಸರಿಗೆ ಇಲ್ಲಿನ ಹಳೆಯ ವಿಳಾಸಕ್ಕೆ ಬಂದ ಲಕೋಟೆಯನ್ನು ಒಡೆದು ಓದಿದೆ. ತಪ್ಪು, ಗೊತ್ತು. ತೂಕ ಇಳಿಸುವ ಆಪರೇಷನ್ನಿನ ದಿನ ಸಂಶೋಧನೆಗೆಂದು ನಮ್ಮಿಬ್ಬರ ರಕ್ತ ತೆಗೆದುಕೊಂಡಿದ್ದರಲ್ಲ, ಅದರ ಫಲಿತಾಂಶ. ಹಸಿವನ್ನು ಹಿಡಿತದಲ್ಲಿಡುವ ಒಂದು ವಂಶವಾಹಿ ನಿನ್ನಲ್ಲಿ ಬೇರೆ ಥರ ಇದೆಯಂತೆ. ಅಂಥವರಿಗೆ ಹೊಟ್ಟೆ ಚಿಕ್ಕದು ಮಾಡಿದರೂ ತೂಕ ಅಷ್ಟಾಗಿ ಇಳಿಯದಿರಬಹುದು, ಇಳಿದದ್ದೂ ಮತ್ತೆ ಏರಬಹುದು. ಕಾಗದ ಹಿಡಿದು ಡಾಕ್ಟರಮ್ಮನ ಬಳಿಗೆ ಓಡಿದೆ. “ಅವರ ಕಾಗದ ನೀವ್ಯಾಕೆ ಒಡೆದ್ರಿ?” ಎಂದು ಚೆನ್ನಾಗಿ ಬೈದರು. ನಿನ್ನ ವಿಷಯ ನಿನ್ನೊಂದಿಗೆ ಮಾತ್ರ ಮಾತಾಡುತ್ತಾರಂತೆ. ಕೊನೆಗೆ ಇಷ್ಟು ಹೇಳಿದರು: “ಇದೊಂದೇ ಕಾರಣ ಅಂತ ಯಾರಿಗೂ ಹೇಳೋಕಾಗಲ್ಲ. ಆದ್ರೆ ಒಂದೇ ತಾಯಿ ಮಕ್ಕಳಾದ್ರೂ ಹಸಿವು ಒಂದೇ ಅಲ್ಲ. ತೂಕ ಇಳೀಲಿಲ್ಲ ಅಂತ ಯಾರನ್ನೂ ಕಳ್ಳರ ಥರ ನೋಡ್ಬೇಡಿ.”

ನಾನು ನೋಡಿದ್ದು ಹಾಗೇ ಅಲ್ಲವೇ ಅಕ್ಕಾ? ಒಂದೇ ವಾರದಲ್ಲಿ ಇಬ್ಬರಿಗೂ ಆಪರೇಷನ್ ಆಯಿತು. ವರ್ಷದೊಳಗೆ ನಾನು ನಲವತ್ತು ಕಿಲೋ ಇಳಿದು, ನನ್ನ ಪ್ಯಾಂಟುಗಳನ್ನು ನಾನೇ ಹಿಡಿದು ಹೊಲಿದುಕೊಂಡು ಊರೆಲ್ಲ ಬೀಗಿದೆ. ನೀನು ಇಳಿದದ್ದು ಹನ್ನೊಂದು. ಅದೂ ನಿಲ್ಲಲಿಲ್ಲ. ಅಮ್ಮನ ಹುಟ್ಟುಹಬ್ಬದ ದಿನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ನಾನಂದೆ: “ಡಾಕ್ಟರು ಅಕ್ಕನ ಹೊಟ್ಟೆ ಹೊಲಿದ್ರು, ಬಾಯಿ ಹೊಲಿಯೋದು ಮರೆತ್ರು.” ಎಲ್ಲರೂ ನಕ್ಕರು. ಅಮ್ಮನೂ. ನೀನು ಚಮಚ ಕೆಳಗಿಟ್ಟು, ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದೆ. ತಿಂಗಳೊಳಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡೆ.

ಯಾರಿಗೂ ಹೇಳದ ಮಾತೊಂದಿದೆ. ನೀನು ಸೂಪನ್ನು ಚಮಚದಲ್ಲಿ ಅಳೆದು ಕುಡಿಯುತ್ತಿದ್ದ ದಿನಗಳಲ್ಲಿ ನಾನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಿಸ್ಕತ್ತು ಬಚ್ಚಿಟ್ಟು ತಿನ್ನುತ್ತಿದ್ದೆ. ಆದರೂ ಇಳಿದೆ. ಅದು ನನ್ನ ಗಟ್ಟಿತನವೆಂದು ನಂಬಿದ್ದೆ.

ನಿನ್ನೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ನಿನಗೆ ಆಶೀರ್ವಾದ ಬರೆಯಲು ಹೇಳಿದ್ದಾಳೆ. ಲಕೋಟೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ.

ನಿನ್ನ ತಮ್ಮ

ತಾ.ಕ.: ಅಂಚೆಗೆ ಹೊತ್ತಾಯಿತು, ಚುಟುಕಾಗಿ ಬರೆಯುತ್ತಿದ್ದೇನೆ. ನನ್ನ ಮಗಳು ಮೂರು ವಾರದಿಂದ ನಮ್ಮೊಂದಿಗೆ ಊಟಕ್ಕೆ ಕೂರುತ್ತಿಲ್ಲ. ಮೊನ್ನೆ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಕೇಳಿದರೆ, “ಅತ್ತೆ ಹತ್ರ ಮಾತ್ರ ಹೇಳ್ತೀನಿ” ಅನ್ನುತ್ತಾಳೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಅವಳಿಗೊಂದು ಫೋನ್ ಮಾಡು. ಸಂಜೆ ನಾಲ್ಕರಿಂದ ಆರರವರೆಗೆ ನಾನು ಮನೆಯಲ್ಲಿರುವುದಿಲ್ಲ.